ಸಮುದ್ರದ ಬದಿಗೆ ಹೊಡೆದವರು ಔಟ್

ಫುಟ್ಬಾಲ್ ನೋಡಲು ಬಂದವರೆಲ್ಲ ಚೆಂಡಿನ ಬೆನ್ನಿಗೇ ಕಣ್ಣು ಹಚ್ಚಿ ಕೂತಿರುತ್ತಾರೆ. ಬೀರಣ್ಣ ಮಾತ್ರ ಚೆಂಡು ಕಳೆದುಕೊಂಡವರನ್ನು ನೋಡುತ್ತಾನೆ. ಚೆಂಡು ಕಾಲಲ್ಲಿದ್ದಾಗ ಎಲ್ಲರೂ ಶೂರರೇ, ಅದು ಕೈತಪ್ಪಿ ಹೋದ ಮೇಲಿನ ನಾಕು ಹೆಜ್ಜೆಯಲ್ಲಿ ಮನುಷ್ಯನ ಜಾತಕ ಇರುತ್ತದೆ ಎಂಬುದು ಅವನ ಲೆಕ್ಕ. "ಯಾರು ತಲೆ ತಗ್ಗಿಸಿ ನಿಂತ್ರು, ಯಾರು ತಿರುಗಿ ಓಡಿದ್ರು, ಅಷ್ಟೇ ನೋಡೂದು. ಉಳದದ್ದು ನೀವು ಕಲಿಸೂಕಾಗ್ತದೆ" ಎಂದು ಒಮ್ಮೆ ಹೇಳಿದ್ದನಂತೆ. ಅಷ್ಟು ಉದ್ದದ ಮಾತನ್ನು ಅವನು ಆಮೇಲೆ ಈ ಫೆಬ್ರವರಿಯ ತನಕ ಯಾವತ್ತೂ ಆಡಿದ್ದಿಲ್ಲ.

ಹಾಗಂತ ಅವನೇನು ಕೋಚ್ ಅಲ್ಲ. ಕಾರವಾರದ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಅಟೆಂಡರ್. ಊರು ಅಂಕೋಲಾ ತಾಲೂಕಿನ ಭಾವಿಕೇರಿ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಎರಡು ತಿಂಗಳ ಮಟ್ಟಿಗೆ ಎಂದು ಕೆಲಸಕ್ಕೆ ಸೇರಿದವನು ಮೂವತ್ತಾರು ವರ್ಷ ಅಲ್ಲೇ ಉಳಿದ. ನಡುವೆ ಕಾರವಾರದ ಪಕ್ಕದ ಕದ್ವಾಡದ ಹುಡುಗಿಯನ್ನು ಮದುವೆಯಾಗಿ ಮಾವನ ಮನೆಯ ಪಕ್ಕದಲ್ಲೇ ಮನೆ ಕಟ್ಟಿಕೊಂಡ. ಭಾವಿಕೇರಿಯವರು ಇವತ್ತಿಗೂ ಅವನನ್ನು "ಕದ್ವಾಡದ ಅಳಿಯ" ಎಂದು ಕಿಚಾಯಿಸುತ್ತಾರೆ, ಅವನು ಇವತ್ತಿಗೂ ಅದಕ್ಕೆ ಸಿಟ್ಟು ಮಾಡಿಕೊಳ್ಳುತ್ತಾನೆ. ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಹಗ್ಗ ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಮೈದಾನಕ್ಕೆ ಗೆರೆ ಎಳೆಯುವುದು, ಚೆಂಡುಗಳಿಗೆ ಗಾಳಿ ತುಂಬುವುದು, ಮಧ್ಯಂತರದಲ್ಲಿ ಆಟಗಾರರಿಗೆ ಮುರುಗಲ ಹಣ್ಣಿನ ಪಾನಕ ಹಂಚುವುದು ಅವನ ಕೆಲಸ.

ಈ ಪಾನಕದಲ್ಲೇ ಗುಟ್ಟು ಇದ್ದದ್ದು. ಪ್ರತಿ ವರ್ಷ ಫೆಬ್ರವರಿಯಲ್ಲಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಪಿಯು ಹುಡುಗರಲ್ಲಿ ಆಯ್ದ ಹನ್ನೊಂದು ಹನ್ನೊಂದು ಮಂದಿಯನ್ನು ಕಟ್ಟಿ ಕಾಲೇಜು ಒಂದು ಪಂದ್ಯ ಆಡಿಸುತ್ತದೆ. ಮುಂದಿನ ವರ್ಷದ ಕಾಲೇಜು ತಂಡಕ್ಕೆ ಯಾರನ್ನು ಕರೆದುಕೊಳ್ಳಬೇಕು ಎಂಬುದು ಅಲ್ಲೇ ತೀರ್ಮಾನ. ಈಗ ನಾಲ್ಕು ವರ್ಷದಿಂದ ಹುಡುಗಿಯರದ್ದೂ ನಡೆಯುತ್ತದೆ. ಅಂಥ ಪಂದ್ಯಗಳ ಮಧ್ಯಂತರದಲ್ಲಿ ಬೀರಣ್ಣ ಮೊದಲ ಲೋಟ ಯಾರ ಕೈಗೆ ಕೊಡುತ್ತಾನೋ ಅವರು ಆಟಗಾರರೇ. ಬಾಯಿ ಬಿಟ್ಟು ಹೆಸರು ಹೇಳುವುದು ಅಟೆಂಡರನ ಕೆಲಸವಲ್ಲವಲ್ಲ, ಹಾಗಾಗಿ ಲೋಟ ಮಾತಾಡುತ್ತಿತ್ತು.

ಹೋದ ವರ್ಷ ನಿವೃತ್ತರಾದ ಕ್ರೀಡಾ ನಿರ್ದೇಶಕ ತುಳಸಿದಾಸ ಸರ್‌ಗೆ ಇದು ತಿಳಿಯಲು ಐದು ವರ್ಷ ಬೇಕಾಯಿತು. ಬಿಣಗಾದ ಕಾರ್ಖಾನೆ ವಸತಿಯಿಂದ ಭಾಸ್ಕರ ಎಂಬ ಕಡ್ಡಿ ಹುಡುಗ ಬಂದಿದ್ದ. ಖಾಲಿ ಗೋಲಿನೆದುರು ಎರಡು ಸಲ ಚೆಂಡನ್ನು ಆಕಾಶಕ್ಕೆ ಹೊಡೆದ. ಬೀರಣ್ಣ ಮೊದಲ ಲೋಟ ಅವನಿಗೇ ಕೊಟ್ಟ. ಇವನಿಗೆಲ್ಲೋ ಕಣ್ಣು ಮಂಜಾಗಿದೆ ಅಂದುಕೊಂಡ ತುಳಸಿದಾಸ ಸರ್ ಸುಮ್ಮನಿರಲಾರದೆ ಕಾರಣ ಕೇಳಿದರು. "ಎರಡು ಸಲ ತಪ್ದ. ಮೂರನೇ ಸಲನೂ ನಂಗೇ ಕೊಡಿ ಹೇಳಿ ಕೈ ಎತ್ದ" ಎಂದ ಬೀರಣ್ಣ. ಆ ಭಾಸ್ಕರ ಮೂರು ವರ್ಷ ವಿಶ್ವವಿದ್ಯಾಲಯಕ್ಕೆ ಆಡಿದ. ಅಲ್ಲಿಂದಾಚೆ ತುಳಸಿದಾಸ ಸರ್ ಮಧ್ಯಂತರದಲ್ಲಿ ಲೋಟದ ಮೇಲೊಂದು ಕಣ್ಣಿಟ್ಟೇ ಇರುತ್ತಿದ್ದರು.

ಬೀರಣ್ಣನದ್ದು ಒಂದೇ ವ್ರತ. ಭಾವಿಕೇರಿಯ ಮಕ್ಕಳಿಗೆ ಮೊದಲ ಲೋಟ ಇಲ್ಲ. ಎಂಥ ಆಟಗಾರನೇ ಆಗಿರಲಿ, ತನ್ನ ಊರಿನವನಾದರೆ ಅವನಿಗೆ ಕೊನೆಯ ಲೋಟ. ಒಂದು ಸಲ ತನ್ನವರು ಅಂತ ಕೈ ನೀಡಿದರೆ ಆ ಲೋಟವನ್ನು ಮತ್ತೆ ಯಾರೂ ನಂಬುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರಿನಲ್ಲಿ ಇದಕ್ಕೆ ಬೈಸಿಕೊಂಡದ್ದು ಕಡಿಮೆಯೇನಲ್ಲ.

ಈ ಫೆಬ್ರವರಿಯ ಪಂದ್ಯ ಅವನ ಕೊನೆಯದು. ತಿಂಗಳ ಕಡೆಗೆ ನಿವೃತ್ತಿ. ಆಟ ಹುಡುಗಿಯರದ್ದು, ಕಾಲೇಜು ತಂಡದಲ್ಲಿ ಹಾಸ್ಟೆಲ್ ಸಮೇತ ಉಳಿದದ್ದು ಒಂದೇ ಸೀಟು. ತುಳಸಿದಾಸ ಸರ್ ಜಾಗಕ್ಕೆ ಬಂದ ನಂದಿನಿ ಮೇಡಂ ಮೈಸೂರು ಕಡೆಯವರು, ಮೂವತ್ತೆರಡರ ಚುರುಕು ಹೆಂಗಸು, ಸ್ವತಃ ಆಡಿದವರು. ಅವರ ಕೈಯಲ್ಲಿ ಒಂದು ಟ್ಯಾಬು. ಓಟಕ್ಕೆ ಇಷ್ಟು, ಪಾಸಿಗೆ ಇಷ್ಟು, ಎಡಗಾಲಿಗೆ ಇಷ್ಟು, ಬಲಗಾಲಿಗೆ ಇಷ್ಟು ಎಂದು ಹತ್ತರಲ್ಲಿ ಅಂಕ ಹಾಕುತ್ತ ಹೋಗುತ್ತಾರೆ. ಬೀರಣ್ಣನ ಲೋಟದ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ಅವನೂ ಹೇಳಲು ಹೋಗಿರಲಿಲ್ಲ.

ನಾಲ್ಕು ಗಂಟೆಗೆ ಭಾವಿಕೇರಿಯಿಂದ ಒಂದು ಟೆಂಪೋ ಬಂತು. ಟೆಂಪೋ ತುಂಬ ಜನ, ಜನರ ನಡುವೆ ಡೋಲು. ಅಂಕೋಲಾ ತಂಡದಲ್ಲಿ ಅವರ ಊರಿನ ದೀಪಾ ಆಡುವವಳಿದ್ದಳು. ದೀಪಾಳ ತಾಯಿ ಸುನೀತಾ ಇಳಿದವಳೇ ಸೀದಾ ಬೀರಣ್ಣನ ಹತ್ತಿರ ಬಂದಳು.

"ಬೀರಣ್ಣ, ನೀ ಎಂತದೂ ಮಾಡೂದು ಬ್ಯಾಡ, ನಿನ್ನ ಬುದ್ಧಿ ನಂಗೆ ಗೊತ್ತದೆ" ಎಂದಳು. "ಸೀಟು ಸಿಕ್ದ್ರೆ ಇಲ್ಲಿ ಓದ್ಲಿ, ಆಡ್ಲಿ. ಸಿಗ್ಲಿಲ್ಲ ಅಂದ್ರೆ ಅಂಕೋಲೆ ಕಾಲೇಜಿಗೆ ಹೋಗಿ ಸುಮ್ನೆ ಓದೂದು. ಅಲ್ಲಿ ಹುಡುಗೀರಿಗೆ ಚೆಂಡಿನಾಟ ಇಲ್ಲ. ಅಲ್ಲಿಗೆ ಮುಗೀತು ಹೇಳಿ ನಾನೇ ಹೇಳಿಟ್ಟಿದ್ದೆ."

"ಆಡ್ಲಿ, ನೋಡ್ವ" ಎಂದ ಬೀರಣ್ಣ. ದೀಪಾ ಬೂಟಿನ ದಾರ ಕಟ್ಟಿಕೊಳ್ಳುತ್ತ ಅವನತ್ತ ನೋಡಿ ನಕ್ಕಳು. ಅವನು ನಗಲಿಲ್ಲ. ನಕ್ಕರೆ ಅದೂ ಪಕ್ಷಪಾತವಾದೀತೆಂದು ಗೆರೆ ನೋಡುವವನ ಹಾಗೆ ಬಗ್ಗಿದ.

ಮೈದಾನದ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಒಂದು ಸಾಲು ಗಾಳಿಮರ, ಅದರಾಚೆ ಮರಳು, ಮರಳಿನಾಚೆ ಸಮುದ್ರ. ಮೊದಲರ್ಧದಲ್ಲಿ ಅಂಕೋಲಾದವರು ಉತ್ತರಕ್ಕೆ ಮುಖ ಮಾಡಿ ಆಡುತ್ತಿದ್ದರು. ದೀಪಾ ಎಡ ಅಂಚಿನ ಆಟಗಾರ್ತಿ, ಹಾಗಾಗಿ ಸಮುದ್ರದ ಬದಿಗೇ ಬಿದ್ದಿದ್ದಳು. ಮೊದಲ ಚೆಂಡು ಅವಳಿಗೆ ಬಂದಾಗ ಭಾವಿಕೇರಿಯ ಡೋಲು ಮೈದಾನ ಹಾರಿಹೋಗುವ ಹಾಗೆ ಬಡಿಯಿತು. ಹುಡುಗಿ ಮಿಂಚಿನಂತೆ ಓಡಿದಳು, ಒಬ್ಬಳನ್ನು ದಾಟಿದಳು, ಮುಂದೆ ಅಂಚಿನಗುಂಟ ರಾಜಬೀದಿಯಂಥ ಜಾಗ ಖಾಲಿಯಿತ್ತು. ಅಲ್ಲಿ ಹೋಗುವುದು ಬಿಟ್ಟು ಗಕ್ಕನೆ ಒಳಕ್ಕೆ ತಿರುಗಿ ಮೂರು ಜನ ಎದುರಾಳಿಗಳ ನಡುವೆ ಹೋಗಿ ಸಿಕ್ಕಿಬಿದ್ದಳು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ. ಡೋಲು ಮೆತ್ತಗಾಯಿತು. ಅಂಕೋಲಾ ತಂಡದ ಉಮೇಶ ಮಾಸ್ತರರು ಗೆರೆಯಾಚೆ ನಿಂತು, "ಅಂಚಿಗೆ ಹೋಗೇ ತಂಗಿ, ಅಂಚಿಗೆ!" ಎಂದು ಗಂಟಲು ಹರಿದುಕೊಂಡರು. ಅವಳು ತಲೆಯಾಡಿಸಿದಳು, ಮತ್ತೆ ಒಳಕ್ಕೇ ತಿರುಗಿದಳು.

"ಎಡಗಾಲು ಇಲ್ಲ" ಎಂದರು ನಂದಿನಿ ಮೇಡಂ ತಮಗೆ ತಾವೇ, ಟ್ಯಾಬಿನ ಮೇಲೆ ಬೆರಳಾಡಿಸುತ್ತ. "ಗೆರೆ ಕಂಡರೆ ಹೆದರ್ತಾಳೆ. ಓಟ ಚೆನ್ನಾಗಿದೆ, ಪಾಪ."

ಬೀರಣ್ಣನಿಗೆ ಆ 'ಪಾಪ' ಕಿವಿಯಲ್ಲಿ ಚುಚ್ಚಿತು. ಚೆಂಡು ಹೋದ ಮೇಲೆ ದೀಪಾ ಏನು ಮಾಡುತ್ತಿದ್ದಾಳೆಂದು ಅವನು ಆಗಲೇ ನೋಡಿದ್ದ. ಪ್ರತಿ ಸಲವೂ ತಿರುಗಿ ಓಡಿ, ಕಸಿದುಕೊಂಡವಳ ಬೆನ್ನು ಬಿಡದೆ, ಎರಡು ಸಲ ಚೆಂಡನ್ನು ವಾಪಸು ತಂದಿದ್ದಳು. ಎಡಗಾಲು ಇಲ್ಲವೆಂಬುದೂ ಸುಳ್ಳು. ಹೋದ ದೀಪಾವಳಿಗೆ ಊರಿಗೆ ಹೋದಾಗ ಭಾವಿಕೇರಿಯ ಬೇಲೆಯಲ್ಲಿ, ಸಮುದ್ರದಂಡೆಯ ಮರಳಿನ ಮೇಲೆ, ಇವಳು ಎರಡೂ ಕಾಲಲ್ಲಿ ಹೊಡೆದದ್ದನ್ನು ಅವನೇ ನೋಡಿದ್ದ. ಮತ್ತೆ ಇವತ್ತು ಏನಾಯಿತು? ಅವಳು ತಿರುಗುವ ಜಾಗವನ್ನೇ ಎರಡು ಸಲ ಲಕ್ಷ್ಯವಿಟ್ಟು ನೋಡಿದ. ಗೆರೆಯಿಂದ ಸರಿಯಾಗಿ ಐದು ಮಾರು ಈಚೆಗೆ. ಅಲ್ಲೊಂದು ಗೋಡೆಯಿದ್ದಂತೆ ತಿರುಗುತ್ತಿದ್ದಳು, ತಿರುಗುವ ಮೊದಲು ಒಮ್ಮೆ ಗಾಳಿಮರಗಳ ಸಂದಿಯಲ್ಲಿ ಮಿನುಗುವ ನೀರಿನತ್ತ ನೋಡುತ್ತಿದ್ದಳು.

ಬೀರಣ್ಣನ ಕೈಯಲ್ಲಿದ್ದ ಪಾನಕ ಕಲಕುವ ಹುಟ್ಟು ಹಾಗೇ ನಿಂತಿತು. ಆ ಗೋಡೆ ಕಟ್ಟಿದವನು ಅವನೇ.

ನಲವತ್ತು ವರ್ಷದ ಹಿಂದಿನ ಮಾತು. ಗೋವಾದಲ್ಲಿ ಕೆಲಸಕ್ಕಿದ್ದ ಜಟ್ಟ ಎಂಬ ಗೆಳೆಯ ಭಾವಿಕೇರಿಗೆ ಒಂದು ಚೆಂಡು ತಂದುಕೊಟ್ಟ. ಊರಿನ ಮೊದಲ ಚೆಂಡು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮರಳು ಗಟ್ಟಿಯಾಗಿ ಹರಡಿಕೊಳ್ಳುವುದರಿಂದ ಆಟ ಯಾವಾಗಲೂ ಇಳಿತದಲ್ಲೇ. ಮೊದಲ ಭಾನುವಾರವೇ ಬೀರಣ್ಣ ಒಂದು ಏಟು ಹೊಡೆದ, ಚೆಂಡು ಸಮುದ್ರಕ್ಕೆ ಬಿತ್ತು. ಇಳಿಯುವ ನೀರು ಅದನ್ನು ತಿರುಗಿ ಕೊಡುತ್ತದೆಯೇ? ನೋಡನೋಡುತ್ತ ಬಿಳಿ ಚುಕ್ಕಿಯಾಗಿ ಬೇಲೇಕೇರಿ ಬಂದರಿನ ಕಡೆಗೆ ಹೋಯಿತು. ಏಳು ತಿಂಗಳು ಊರಿಗೆ ಚೆಂಡಿಲ್ಲ. ಎದುರು ಸಿಕ್ಕವರೆಲ್ಲ ಬೀರಣ್ಣನಿಗೆ ಮಂಗಳಾರತಿ ಮಾಡಿದರು. ಮತ್ತೊಂದು ಚೆಂಡು ಬಂದ ದಿನ ಅವನೇ ಕಾನೂನು ಮಾಡಿದ: ಸಮುದ್ರದ ಬದಿಗೆ ಹೊಡೆದವರು ಔಟ್. ಔಟಾದವರು ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಆಟ ಮುಗಿಯುವ ತನಕ ಬರೀ ನೋಡಬೇಕು. ಆಗಿನ ಹುಡುಗರ ಮಕ್ಕಳು, ಈಗ ಮೊಮ್ಮಕ್ಕಳೂ ಅದೇ ಕಾನೂನಿನಲ್ಲಿ ಆಡುತ್ತ ಬೆಳೆದರು. ಭಾವಿಕೇರಿಯ ಕೂಸುಗಳು ನಡೆಯಲು ಕಲಿಯುವಾಗಲೇ ಸಮುದ್ರದ ಬದಿಯಿಂದ ಐದು ಮಾರು ದೂರ ಚೆಂಡು ತಿರುಗಿಸಲು ಕಲಿಯುತ್ತವೆ. ತನ್ನ ಕಾನೂನು ಇನ್ನೂ ಉಳಿದಿದೆಯೆಂದು ಬೀರಣ್ಣನಿಗೆ ಒಳಗೊಳಗೇ ಜಂಬವೂ ಇತ್ತು.

ಮಧ್ಯಂತರದ ಸೀಟಿ ಕೇಳಿತು. ತಟ್ಟೆಯಲ್ಲಿ ಲೋಟ ಜೋಡಿಸಿಕೊಂಡು ಬೀರಣ್ಣ ಹೊರಟ. ದೀಪಾ ಗುಂಪಿನಿಂದ ಒಂದಿಷ್ಟು ದೂರ, ಹುಲ್ಲಿನ ಮೇಲೆ ಮುಖ ಒರೆಸಿಕೊಳ್ಳುತ್ತ ಕೂತಿದ್ದಳು. ಅವಳ ಮುಂದೆ ಬಂದಾಗ ಅವನ ಕೈ ತಾನಾಗಿ ಮುಂದಾಯಿತು. ವ್ರತ ನೆನಪಾಗಿ ಹಿಂದಾಯಿತು. ಮೂವತ್ತಾರು ವರ್ಷದ ಅಭ್ಯಾಸ, ಒಂದು ನಿಮಿಷದಲ್ಲಿ ಬಿಡುತ್ತದೆಯೇ? ಎಲ್ಲರಿಗೂ ಹಂಚಿ ಕೊನೆಯ ಲೋಟವನ್ನೇ ಅವಳಿಗೆ ಕೊಟ್ಟ. ಕೊಡುವಾಗ ತನ್ನ ಮೇಲೆ ತನಗೇ ಅಸಾಧ್ಯ ಸಿಟ್ಟು ಬಂತು.

ಎರಡನೇ ಅರ್ಧದಲ್ಲಿ ತಂಡಗಳು ಬದಿ ಬದಲಿಸಿದವು. ದೀಪಾಳ ಎಡ ಅಂಚು ಈಗ ರಸ್ತೆಯ ಕಡೆಗೆ ಬಂತು. ಆಮೇಲೆ ನಡೆದದ್ದನ್ನು ಕಾರವಾರದ ಹುಡುಗಿಯರು ಇನ್ನೂ ಮರೆತಿರಲಿಕ್ಕಿಲ್ಲ. ಅದೇ ಹುಡುಗಿ ಗೆರೆಯ ಸುಣ್ಣ ಹಾರುವ ಹಾಗೆ ಅಂಚಿನಗುಂಟ ಓಡಿದಳು, ಇಲ್ಲದ ಎಡಗಾಲಿನಿಂದ ಒಂದು ಚೆಂಡು ತೇಲಿಸಿದಳು, ಗೆಳತಿಯ ತಲೆಗೆ ತಾಗಿ ಅದು ಗೋಲಾಯಿತು. ಡೋಲಿಗೆ ಜೀವ ಬಂತು. ಸುನೀತಾ ಪಕ್ಕದಲ್ಲಿದ್ದ ಯಾರದೋ ಛತ್ರಿ ಕಸಿದುಕೊಂಡು ಕುಣಿದಳು.

ನಂದಿನಿ ಮೇಡಂ ಟ್ಯಾಬು ಕೆಳಗಿಟ್ಟು ಎದ್ದು ನಿಂತಿದ್ದರು. "ಇವಳೇನಾ ಅವಳು? ಆದರೆ ಅರ್ಧ ಆಟದ ಆಟಗಾರ್ತೀನ ಕಟ್ಕೊಂಡು ನಾನೇನು ಮಾಡ್ಲಿ? ಉಳಿದ ಅರ್ಧ ಯಾರು ಆಡ್ತಾರೆ?"

ಕೇಳಿದ್ದು ಗಾಳಿಗೆ. ಉತ್ತರ ಬಂದದ್ದು ಬೀರಣ್ಣನಿಂದ.

"ಮೇಡಂ, ಒಂದು ಮಾತು ಹೇಳ್ಲಾ? ಆ ಹುಡುಗಿ ನಮ್ಮೂರದು. ನಾ ಹೇಳೂಕಾಗ. ಆದ್ರೂ ಹೇಳ್ತೆ" ಎಂದು ಶುರು ಮಾಡಿದವನು ಜಟ್ಟನ ಚೆಂಡು, ಇಳಿತ, ದೋಣಿ, ಕಾನೂನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. "ಅವ್ಳು ಗೆರೆಗೆ ಹೆದ್ರೂದಲ್ಲ. ಚೆಂಡು ಹೋಗ್ತದೆ ಹೇಳಿ ಹೆದ್ರೂದು. ತಪ್ಪು ನಂದು, ಅವ್ಳದ್ದಲ್ಲ."

ನಂದಿನಿ ಮೇಡಂ ಅವನ ಮುಖವನ್ನೇ ನೋಡಿದರು. ಮೊದಲು ನಗು ಬಂತು, ಆಮೇಲೆ ನಗು ನಿಂತಿತು. "ಕಾನೂನು ಮಾಡಿದವರು ನೀವೇ ಅಂದರೆ ತೆಗೆಯೋರೂ ನೀವೇ ತಾನೇ? ಇನ್ನು ಇಪ್ಪತ್ತು ನಿಮಿಷ ಇದೆ. ಉಮೇಶ ಮಾಸ್ತರಿಗೆ ಹೇಳಿ ಅವಳನ್ನ ಬಲಕ್ಕೆ, ಸಮುದ್ರದ ಕಡೆಗೆ ಹಾಕಿಸ್ತೀನಿ. ನಾನು ನೋಡ್ಬೇಕು."

ಬೀರಣ್ಣ ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ಮೈದಾನದ ಹಿಂದಿನಿಂದ ಸುತ್ತಿ ಓಡಿದ. ಅರವತ್ತರ ಮನುಷ್ಯ ಪಂಚೆ ಎತ್ತಿ ಕಟ್ಟಿ ಓಡುವುದನ್ನು ಕಂಡು ಟೆಂಪೋದವರು, "ಕದ್ವಾಡದ ಅಳಿಯ ಎತ್ಲಾಗೆ ಹೊಂಟ!" ಎಂದು ಕೂಗಿದರು. ಸಿಟ್ಟು ಮಾಡಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ. ಗಾಳಿಮರದ ಬುಡದಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ.

ದೀಪಾ ಈ ಬದಿಗೆ ಬಂದಳು. ಚೆಂಡು ಬಂತು. ಓಡಿದಳು, ಐದು ಮಾರು ಈಚೆಗೇ ನಿಂತಳು. ಅಷ್ಟರಲ್ಲಿ ಎದುರಾಳಿಯ ಕಾಲು ತಾಗಿ ಚೆಂಡು ಗೆರೆಯಿಂದ ಹೊರಕ್ಕೆ ಉರುಳಿ ಬೀರಣ್ಣನ ಕಾಲ ಬುಡಕ್ಕೇ ಬಂತು. ಆಟ ನಿಂತಿತು. ಎಸೆಯಲು ದೀಪಾಳೇ ಗೆರೆಯ ಹತ್ತಿರ ಬಂದು ಕೈ ಚಾಚಿದಳು.

"ಹೊಡಿಯೇ ತಂಗಿ, ಅಂಚಿಗೆ ಹೊಡಿ. ಹೋದ್ರೆ ಹೋಗ್ಲಿ" ಎಂದ ಬೀರಣ್ಣ.

"ಸಮುದ್ರಕ್ಕೆ ಹೋಗ್ತದಲ್ಲಾ ಬೀರಜ್ಜ" ಎಂದಳು ದೀಪಾ, ಹೇಳಿಕೊಡಬೇಕಾದ ಮಾತೇ ಅಲ್ಲವೆಂಬಂತೆ. "ಔಟ್ ಅಲ್ವಾ?"

ಬೀರಣ್ಣ ಚೆಂಡನ್ನು ಎತ್ತಿ ಅವಳಿಗೆ ಕೊಡುವ ಬದಲು ಹಿಂದಕ್ಕೆ ತಿರುಗಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬೀಸಿ ಒಂದು ಏಟು ಕೊಟ್ಟ. ಚೆಂಡು ಗಾಳಿಮರಗಳ ನಡುವಿನಿಂದ ಹಾರಿತು, ಮರಳಿಗೆ ಬಿದ್ದು ಪುಟಿಯಿತು, ಮತ್ತೆ ಪುಟಿಯಿತು, ತೆರೆಯೊಳಗೆ ಬಿತ್ತು. ರೆಫರಿಯ ಬಾಯಿಂದ ಸೀಟಿ ಜಾರಿತು.

ದೀಪಾ ಎರಡೂ ಕೈ ಎತ್ತಿ ಕಿರುಚಿದಳು. "ಬೀರಜ್ಜ ಔಟ್!"

ಟೆಂಪೋದವರು ಬಿಡುತ್ತಾರೆಯೇ? ನಲವತ್ತು ವರ್ಷ ಆ ಕಾನೂನಿಗೆ ಸಿಕ್ಕು ದೋಣಿಯ ಮೇಲೆ ಕೂತವರೇ ಎಲ್ಲರೂ. "ಔಟ್! ಬೀರಣ್ಣ ಔಟ್!" ಎಂದು ಡೋಲು ಬಡಿಯುತ್ತ ಎದ್ದು ನಿಂತರು. ದೀಪಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಮೈಯಿಂದ ಬಿಗಿ ಇಳಿದುಹೋದದ್ದು ಬೀರಣ್ಣನಿಗೆ ಕಂಡಿತು. ಚೀಲದಿಂದ ಇನ್ನೊಂದು ಚೆಂಡು ತೆಗೆದು ಅವಳ ಕೈಯಲ್ಲಿಟ್ಟ.

"ಚೀಲದಾಗೆ ಇನ್ನೂ ಎರಡು ಅದೆ. ಎಲ್ಲಾ ಹೋಗ್ಲಿ. ನಾ ತರ್ತೆ, ನೀ ಆಡು."

ರೆಫರಿಯಿಂದ ಬೈಸಿಕೊಂಡದ್ದು ಅವನ ಕಿವಿಗೆ ಬೀಳಲಿಲ್ಲ, ಆಗಲೇ ಮರಳಿನ ಮೇಲೆ ಓಡುತ್ತಿದ್ದ. ಕಾಲೇಜಿನ ಚೆಂಡು ಸಮುದ್ರಕ್ಕೆ ಕೊಟ್ಟು ನಿವೃತ್ತನಾಗುವ ಮನುಷ್ಯ ಅವನಲ್ಲ. ಇಲ್ಲೂ ಇಳಿತ ಶುರುವಾಗಿತ್ತು. ಚೆಂಡು ಒಂದು ತೆರೆ ಈಚೆ ಬಂದರೆ ಎರಡು ತೆರೆ ಆಚೆ ಹೋಗುತ್ತಿತ್ತು. ಮೊಣಕಾಲು, ಸೊಂಟ, ಎದೆಮಟ್ಟದ ನೀರು. ಕೈಗೆ ಸಿಕ್ಕಿತೆನ್ನುವಾಗ ಜಾರುತ್ತಿತ್ತು. ಕೊನೆಗೂ ಅದನ್ನು ಅಪ್ಪಿ ಹಿಡಿದುಕೊಂಡ ಹೊತ್ತಿಗೆ ಹಿಂದೆ ಮೈದಾನದಿಂದ ಒಂದು ಬೊಬ್ಬೆ ಎದ್ದಿತು. ಗಾಳಿಮರಗಳಲ್ಲಿದ್ದ ಕಾಗೆಗಳೆಲ್ಲ ಹಾರಿದವು. ಆಮೇಲೆ ಡೋಲು.

ಮೂವತ್ತಾರು ವರ್ಷದಲ್ಲಿ ಒಂದು ಗೋಲನ್ನೂ ತಪ್ಪಿಸಿಕೊಳ್ಳದವನು ಈ ಗೋಲನ್ನು ನೋಡಲಿಲ್ಲ. ನೀರಿನಲ್ಲಿ ನಿಂತು ಚೆಂಡು ತಬ್ಬಿಕೊಂಡು ಒಬ್ಬನೇ ನಕ್ಕ. ಕಣ್ಣಿಗೆ ಬಂದದ್ದು ಉಪ್ಪುನೀರೇ, ಯಾವ ಉಪ್ಪುನೀರೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಪಂಚೆಯಿಂದ ನೀರು ಸುರಿಸುತ್ತ ಅವನು ಬಂದಾಗ ಎಲ್ಲರೂ ಒಟ್ಟಿಗೇ ಹೇಳತೊಡಗಿದರು. ದೀಪಾ ಗೆರೆಯ ಮೇಲೇ ಓಡಿದಳಂತೆ, ಇಬ್ಬರನ್ನು ದಾಟಿದಳಂತೆ, ಬಲಗಾಲಿನಿಂದ ಹೊಡೆದದ್ದು ಸೀದಾ ಗೋಲಂತೆ. ಇನ್ನೊಬ್ಬರ ಪ್ರಕಾರ ಮೂವರನ್ನು ದಾಟಿದ್ದಳು. ಸುನೀತಾಳ ಲೆಕ್ಕದಲ್ಲಿ ಐವರು. ನಂದಿನಿ ಮೇಡಂ ಟ್ಯಾಬನ್ನು ಅವನತ್ತ ತಿರುಗಿಸಿದರು. ಎಡಗಾಲು, ಬಲಗಾಲಿನ ಹಳೆಯ ಅಂಕಗಳೆಲ್ಲ ಅಳಿಸಿಹೋಗಿದ್ದವು. ಮೇಲೆ ದೀಪಾಳ ಹೆಸರು, ಕೆಳಗೆ 'ಆಯ್ಕೆ' ಎಂಬ ಒಂದೇ ಮಾತು.

"ನಮ್ಮೂರ ಹುಡುಗಿ ಮೇಡಂ" ಎಂದ ಬೀರಣ್ಣ. "ನಾಳೆ ಯಾರಾದ್ರೂ ಎಂತಾದ್ರೂ ಹೇಳ್ತ್ರು."

"ನೀವು ಹೇಳಿದ್ದು ಕೇಳಿ ತಗೊಂಡಿಲ್ಲ, ಅವಳು ಆಡಿದ್ದು ನೋಡಿ ತಗೊಂಡೆ. ನೀವು ಗೋಲು ನೋಡಲೂ ಇಲ್ಲ" ಎಂದರು ಮೇಡಂ. "ಇನ್ನೂ ಐದು ನಿಮಿಷ ಆಟ ಇದೆ. ಔಟಾದವರು ಕೂತು ನೋಡ್ಬೇಕಂತಲ್ಲ? ಕೂತ್ಕೊಳ್ಳಿ."

ತಮ್ಮ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಮೂವತ್ತಾರು ವರ್ಷ ಪಂದ್ಯಗಳನ್ನೆಲ್ಲ ನಿಂತು, ನಡೆದು, ಓಡಿ ನೋಡಿದವನಿಗೆ ಆ ಕುರ್ಚಿಯಲ್ಲಿ ಕೂರುವುದು ಹೇಗೆಂದೇ ತಿಳಿಯಲಿಲ್ಲ. ಅಂಚಿನಲ್ಲಿ ಕೂತ. ಒದ್ದೆ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡ.

ಮೇಡಂ ಪಾತ್ರೆಯಲ್ಲಿ ಉಳಿದಿದ್ದ ಪಾನಕ ಬಗ್ಗಿಸಿ ಒಂದು ಲೋಟ ತುಂಬಿ ಅವನ ಕೈಗೆ ಕೊಟ್ಟರು. ಕ್ರೀಡಾ ವಿಭಾಗಕ್ಕೆ ಸೇರಿದಂದಿನಿಂದ ಎಷ್ಟು ಸಾವಿರ ಲೋಟ ತುಂಬಿದ್ದನೋ, ಯಾರೂ ಅವನಿಗೊಂದು ಲೋಟ ತುಂಬಿಸಿ ಕೊಟ್ಟಿರಲಿಲ್ಲ. ಸಮುದ್ರದ ಬದಿಯ ಗೆರೆಯ ಮೇಲೆ ದೀಪಾ ಮತ್ತೆ ಚೆಂಡು ಹಿಡಿದು ಓಡತೊಡಗಿದ್ದಳು. ಬೀರಣ್ಣ ಕುಡಿಯುವುದನ್ನು ಮರೆತು, ಈ ಒಂದು ಸಲ, ಎಲ್ಲರ ಹಾಗೆ ಚೆಂಡನ್ನೇ ನೋಡುತ್ತ ಕೂತ.